ಹಿಂದೆಮುಂದೆ ಯಾರೂ ಇಲ್ಲದ ಹಿರಿಯರ ಆರೈಕೆ: ಪಕ್ಕದ ಮನೆಯವರಿಗೊಂದು ಮಾರ್ಗದರ್ಶಿ

ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ ಮೊದಲು ಓಡಿಹೋಗುವವರು ನೀವು. ಆಸ್ಪತ್ರೆಗೆ ಕರೆದೊಯ್ಯುವವರೂ ನೀವೇ. ಅಲ್ಲಿ ಕೌಂಟರಿನವರು ಕೇಳುವ ಮೊದಲ ಪ್ರಶ್ನೆ: “ನೀವು ಅವರಿಗೆ ಏನಾಗಬೇಕು?” ಏನೂ ಆಗಬೇಕಿಲ್ಲ. ಮಕ್ಕಳು ಮಾಡಬೇಕಾದ ಕೆಲಸವಷ್ಟೂ ನಿಮ್ಮ ಪಾಲಿಗೆ ಬಂದಿದೆ, ಮಕ್ಕಳಿಗಿರುವ ಅಧಿಕಾರ ಮಾತ್ರ ಬಂದಿಲ್ಲ.

ಮದುವೆಯಾಗದೆ ಉಳಿದ ನಿವೃತ್ತ ಶಿಕ್ಷಕಿ, ಮಕ್ಕಳಿಲ್ಲದ ವಿಧವೆ, ಹೆಂಡತಿ ತೀರಿಕೊಂಡ ಮೇಲೆ ವಠಾರದ ಕೋಣೆಯಲ್ಲಿ ಒಬ್ಬರೇ ಉಳಿದ ಹೋಟೆಲ್ ಅಡುಗೆಯವರು: ಇಂಥವರಿಲ್ಲದ ಬೀದಿ ನಮ್ಮ ಊರುಗಳಲ್ಲಿ ಕಡಿಮೆ. ಹೆಚ್ಚಿನ ಕಡೆ ಆರೈಕೆ ಆರಂಭವಾಗುವುದು ಒಂದು ಲೋಟ ಕಾಫಿಯಿಂದ. ಆಮೇಲೆ ಮಾತ್ರೆ ತಂದುಕೊಡುವುದು, ಆಮೇಲೆ ರಾತ್ರಿ ಹೋಗಿ ಮಲಗುವುದು. ನೋಡನೋಡುತ್ತಿದ್ದಂತೆ ಎಲ್ಲವೂ ಒಬ್ಬರ ಹೆಗಲಿಗೆ ಬಿದ್ದಿರುತ್ತದೆ. ಆ ಒಬ್ಬರು ಒಂದೋ ಸುಸ್ತಾಗಿ ಕೈಬಿಡುತ್ತಾರೆ, ಇಲ್ಲವೇ ಎಲ್ಲಿಂದಲೋ ಬಂದ ನಂಟರ ಬಾಯಲ್ಲಿ “ಆಸ್ತಿಗಾಗಿ ಮಾಡಿದರು” ಎಂದು ಅನ್ನಿಸಿಕೊಳ್ಳುತ್ತಾರೆ. ಹಾಗಾಗಬಾರದೆಂದರೆ ಕೆಲಸವನ್ನು ಹಂಚಿಕೊಳ್ಳಬೇಕು, ಮಾಡಿದ್ದೆಲ್ಲ ನಾಲ್ಕು ಜನಕ್ಕೆ ಕಾಣುವಂತಿರಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಇದನ್ನೇ ಹಿಡಿದು ಹೊರಟಿವೆ.

ಮೊದಲು ಅವರನ್ನೇ ಕೇಳಿ

ಸಹಾಯ ಮಾಡಲು ಹೊರಟವರು ಮರೆಯುವ ಹೆಜ್ಜೆ ಇದು. ಕಾಲು ಬಿದ್ದಿರಬಹುದು, ಬುದ್ಧಿ ಬಿದ್ದಿಲ್ಲ. ಯಾರು ಬಂದರೆ ಸರಿ, ಯಾರು ಬರಬಾರದು, ಸ್ನಾನಕ್ಕೆ ಯಾರ ಸಹಾಯ ಪಡೆಯಲು ಸಂಕೋಚವಿಲ್ಲ, ದೇವರ ಕೋಣೆಗೆ ಯಾರೂ ಕಾಲಿಡಬಾರದೇ, ಇವನ್ನೆಲ್ಲ ಕೂತು ಕೇಳಿ. ಯಾರ ಕೈಯ ಅಡುಗೆ ಉಣ್ಣುತ್ತಾರೆ ಎಂಬುದನ್ನೂ ಕೇಳಬೇಕಾಗುತ್ತದೆ. ಜಾತಿಯ ಮಾತು ಬಂದಾಗ ನಮಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಎಂಬತ್ತು ದಾಟಿ ಹಾಸಿಗೆ ಹಿಡಿದವರನ್ನು ತಿದ್ದಲು ಹೊರಟರೆ ಅವರು ಊಟ ಬಿಡುತ್ತಾರೆ, ಅಷ್ಟೇ. ಹಾಗೆಂದು ಆರೈಕೆಗೆ ಬಂದವರನ್ನು ಅವಮಾನಿಸಲು ಬಿಡಬೇಕಾಗಿಲ್ಲ. ಆ ಗೆರೆಯನ್ನು ಮೊದಲ ದಿನವೇ ಮೆತ್ತಗೆ, ಸ್ಪಷ್ಟವಾಗಿ ಹೇಳಿಬಿಡಿ.

ನಿಜಕ್ಕೂ ಯಾರೂ ಇಲ್ಲವೇ ಎಂಬುದನ್ನೂ ಇದೇ ಹೊತ್ತಿನಲ್ಲಿ ತಿಳಿದುಕೊಳ್ಳಿ. “ಯಾರೂ ಇಲ್ಲ” ಎಂದರೆ ಎಷ್ಟೋ ಸಲ “ಮಾತು ಬಿಟ್ಟಿದ್ದೇವೆ” ಎಂದೇ ಅರ್ಥ. ತಮ್ಮನ ಮಗನೊಬ್ಬ ಇದ್ದು, ಮುಂದೆ ಆ ಮನೆ ಅವನಿಗೇ ಸೇರುವಂತಿದ್ದರೆ ಅವನಿಗೆ ಕಾನೂನಿನ ಹೊಣೆಯೂ ಇದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ ಪ್ರಕಾರ, ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಯನ್ನು ಈಗ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರ ಸಂಬಂಧಿಕರಿಂದ ಜೀವನಾಂಶ ಕೇಳಬಹುದು. ಅರ್ಜಿ ಉಪವಿಭಾಗಾಧಿಕಾರಿಯವರ ಮುಂದೆ ನಡೆಯುತ್ತದೆ, ವಕೀಲರು ಬೇಕಾಗಿಲ್ಲ, ತಿಂಗಳಿಗೆ 10,000 ರೂಪಾಯಿವರೆಗೆ ಆದೇಶವಾಗಬಹುದು. ಆದರೆ ಆ ಹುಡುಗನಿಗೆ ಫೋನ್ ಮಾಡುವ ಮೊದಲು ಅಜ್ಜಿಯ ಒಪ್ಪಿಗೆ ಕೇಳಿ. ಮಾತು ಬಿಟ್ಟಿದ್ದಕ್ಕೆ ಅವರಿಗೆ ಅವರದೇ ಕಾರಣಗಳಿರುತ್ತವೆ.

ನಾಲ್ಕೈದು ಜನರನ್ನು ಒಟ್ಟುಗೂಡಿಸಿ

ಒಬ್ಬರಿಂದ ಆಗುವ ಕೆಲಸವಲ್ಲ. ಆಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೆಚ್ಚುಗೆಗಿಂತ ಹೆಚ್ಚಾಗಿ ಭಯವಾಗುತ್ತದೆ. ಬೆಳಗಿನ ತಿಂಡಿ ಮತ್ತು ಮಾತ್ರೆ ಒಬ್ಬರಿಗೆ, ಮಧ್ಯಾಹ್ನದ ಊಟ ಇನ್ನೊಬ್ಬರಿಗೆ, ಆಸ್ಪತ್ರೆ ಮತ್ತು ಔಷಧಿ ಅಂಗಡಿಯ ಓಡಾಟ ಬೈಕ್ ಇರುವ ಹುಡುಗನಿಗೆ, ಬ್ಯಾಂಕು ಮತ್ತು ಕಾಗದಪತ್ರ ಲೆಕ್ಕ ಬಲ್ಲವರಿಗೆ, ಸಂಜೆ ಬಂದು ಸುಮ್ಮನೆ ಹರಟುವುದು ಮತ್ತೊಬ್ಬರಿಗೆ. ಕೊನೆಯದನ್ನು ಕೆಲಸವೇ ಅಲ್ಲ ಎಂದುಕೊಳ್ಳಬೇಡಿ. ಮಾತನಾಡಲು ಜನ ಬರುತ್ತಾರೆ ಎಂದು ಗೊತ್ತಿದ್ದರೆ ಹಿರಿಯರು ಎದ್ದು ತಲೆ ಬಾಚಿಕೊಳ್ಳುತ್ತಾರೆ, ಹಲ್ಲಿನ ಸೆಟ್ ಹಾಕಿಕೊಳ್ಳುತ್ತಾರೆ, ಹಾಕಿಕೊಂಡರೆ ಊಟವೂ ಸೇರುತ್ತದೆ.

ಪಕ್ಕದ ಕೇರಳ ಈ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಹುಟ್ಟಿದ ಉಪಶಾಮಕ ಆರೈಕೆಯ (ಗುಣವಾಗದ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆ) ಪ್ರಯತ್ನ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲವಾಗಿ ಬೆಳೆಯಿತು. ತರಬೇತಿ ಪಡೆದ ಊರಿನ ಜನರೇ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ, ನರ್ಸು ಮತ್ತು ವೈದ್ಯರು ಅವರ ಬೆನ್ನಿಗಿರುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ಒಂದು ನೀತಿಯನ್ನೂ ತಂದಿತು. ನಮ್ಮ ಬೀದಿಯಲ್ಲಿ ಅಷ್ಟು ದೊಡ್ಡ ಜಾಲ ಬೇಕಿಲ್ಲ, ಐದು ಮನೆ ಸಾಕು.

ಬೀಗದ ಕೈ ಇಬ್ಬರ ಬಳಿ ಇರಲಿ. ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇಂಥ ಮನೆಯಲ್ಲಿ ಇಂಥವರಿದ್ದಾರೆ ಎಂದು ತಿಳಿಸಿ. ಬಿ.ಪಿ., ಸಕ್ಕರೆ ಕಾಯಿಲೆಯಂಥವುಗಳ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ಯಲೆಂದು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ದ ಭೇಟಿಯನ್ನು ಕೇಳಿ ಪಡೆಯಿರಿ. ಠಾಣೆಗೂ ಹೋಗಿ, ಹಿರಿಯರೊಬ್ಬರೇ ವಾಸವಿದ್ದಾರೆ ಎಂದು ಹೆಸರು ಬರೆಸಿ ಬನ್ನಿ. ಬೀಟ್ ಪೊಲೀಸರು ಆಗಾಗ ಬಂದು ಬಾಗಿಲು ತಟ್ಟಿ ಹೋದರೂ ಕಳ್ಳರಿಗೆ ಅದೊಂದು ಎಚ್ಚರಿಕೆ, ನಂಟರಿಗೂ ಸಹ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಆಂಬುಲೆನ್ಸ್ 108. ಈ ಎರಡು ಸಂಖ್ಯೆಗಳನ್ನು ನಿಮ್ಮ ಗುಂಪಿನವರ ಸಂಖ್ಯೆಗಳ ಜೊತೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಒಂದು ನೋಟ್‌ಬುಕ್

ಮೊಬೈಲ್ ಗುಂಪು ಇರಲಿ, ಆದರೆ ಮಂಚದ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕೂ ಇರಲಿ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಇರುವ ಕಾಯಿಲೆಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ಯಾವ ಔಷಧಿ ಒಗ್ಗುವುದಿಲ್ಲ, ನೋಡುತ್ತಿರುವ ವೈದ್ಯರು ಯಾರು, ಪಡಿತರ ಚೀಟಿ ಮತ್ತು ಆಧಾರ್ ಎಲ್ಲಿವೆ. ಎರಡನೆಯ ಪುಟದಲ್ಲಿ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ಸಾಲು: ಏನು ತಿಂದರು, ಎಷ್ಟು ನೀರು ಕುಡಿದರು, ಮೂತ್ರ ಮತ್ತು ಮಲ ಹೇಗಾಯಿತು, ಯಾರು ಬಂದಿದ್ದರು. ಹಿಂದಿನ ಪುಟಗಳಿಂದ ಖರ್ಚಿನ ಲೆಕ್ಕ, ರಸೀದಿ ಅಂಟಿಸಿ.

ಇದು ಗುಮಾಸ್ತಗಿರಿಯಂತೆ ಕಾಣಬಹುದು. “ಮೂರು ದಿನದಿಂದ ಮಲವಿಸರ್ಜನೆ ಆಗಿಲ್ಲ” ಎಂಬ ಒಂದು ಸಾಲು ವೈದ್ಯರಿಗೆ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಪಾಳಿ ಬದಲಾದಾಗ ಮಾತ್ರೆ ಎರಡು ಸಲ ಕೊಟ್ಟುಬಿಡುವ ಅಪಾಯವೂ ತಪ್ಪುತ್ತದೆ. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ನಿಮ್ಮ ಪರವಾಗಿ ಮಾತನಾಡುವುದೂ ಇದೇ ಪುಸ್ತಕ.

ಮನೆಯಲ್ಲಿ ಬದಲಿಸಬೇಕಾದ್ದು

ಹೆಚ್ಚೇನೂ ಬೇಡ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಚಾಪೆ, ಕಾಲೊರೆಸು, ವೈರು ಯಾವುದೂ ಇರಬಾರದು. ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ. ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ, ಟವೆಲ್ ಕಂಬಿ ಹಿಡಿಕೆಯಲ್ಲ, ಭಾರ ಬಿದ್ದರೆ ಕಿತ್ತು ಬರುತ್ತದೆ. ನೆಲದ ಮೇಲಿನ ಭಾರತೀಯ ಶೈಲಿಯ ಪಾಯಖಾನೆ ಮಾತ್ರ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಮಂಚದ ಎತ್ತರ ಕುಳಿತಾಗ ಪಾದ ನೆಲಕ್ಕೆ ಊರುವಷ್ಟಿರಬೇಕು. ಬಚ್ಚಲ ಬಾಗಿಲಿಗೆ ಒಳಗಿನ ಚಿಲಕ ತೆಗೆಸಿಬಿಡಿ. ಕೈಗೆಟಕುವಂತೆ ಒಂದು ಗಂಟೆ ಇಡಿ, ದೇವರ ಮನೆಯದೇ ಆದೀತು. ಮಲಗಿದ್ದವರು ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲುವ ಅಭ್ಯಾಸ ಮಾಡಿಸಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ತಟ್ಟನೆ ಎದ್ದರೆ ತಲೆ ಸುತ್ತಿ ಬೀಳುತ್ತಾರೆ.

ಊಟ, ನೀರು, ಮಾತ್ರೆ

ಹಿರಿಯರಿಗೆ ಮೆತ್ತಗಿನ ಅನ್ನ, ತಿಳಿಸಾರು ಸಾಕು ಎಂಬ ನಂಬಿಕೆ ನಮ್ಮಲ್ಲಿದೆ. ಹೊಟ್ಟೆ ತುಂಬುತ್ತದೆ, ಮೈಯಲ್ಲಿನ ಮಾಂಸ ಕರಗುತ್ತಾ ಹೋಗುತ್ತದೆ. ಅದೇ ಅನ್ನಕ್ಕೆ ಗಟ್ಟಿ ತೊವ್ವೆ, ಮೊಸರು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಸೇರಿಸಿ. ರಾಗಿ ಗಂಜಿಗೆ ಹಾಲು ಬೆರೆಸಿ. ಒಂದೇ ಸಲ ದೊಡ್ಡ ತಟ್ಟೆ ಮುಂದಿಟ್ಟು “ತಿನ್ನಿ, ತಿನ್ನಿ” ಎನ್ನುವುದಕ್ಕಿಂತ ಐದಾರು ಸಲ ಸ್ವಲ್ಪಸ್ವಲ್ಪ ಕೊಡುವುದು ಮೇಲು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಬೇಳೆ, ಮೊಟ್ಟೆ ಎಷ್ಟಿರಬೇಕೆಂದು ವೈದ್ಯರನ್ನು ಕೇಳಿ.

ಮಲಗಿದವರ ಬಾಯಿಗೆ ಎಂದೂ ಊಟ ಹಾಕಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ಚಮಚ, ಒಂದು ತುತ್ತು ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಕೂತೇ ಇರಬೇಕು. ನುಂಗಲು ಕಷ್ಟಪಡುವವರಿಗೆ ಗಂಜಿಗಿಂತ ನೀರೇ ಅಪಾಯ. ತೆಳುವಾದದ್ದು ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ. ನೀರು ಕುಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ, ಊಟದ ಮೇಲೆ ಗಂಟಲು ಗೊರಗೊರ ಎನ್ನುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ನೀರಿನ ವಿಷಯದಲ್ಲಿ ಹಿರಿಯರದ್ದು ಒಂದು ಗುಟ್ಟಿದೆ. ಬಾಯಾರಿಕೆ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು, ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಯಾರನ್ನಾದರೂ ಕರೆಯಬೇಕು, ಕರೆಯಲು ಸಂಕೋಚ. ಹೀಗಾಗಿ ನೀರನ್ನೇ ಬಿಡುತ್ತಾರೆ. ಫಲ: ಮಲಬದ್ಧತೆ, ಮೂತ್ರದ ಸೋಂಕು, ಮಂಕು. ಇದಕ್ಕೆ ಮದ್ದು ಉಪದೇಶವಲ್ಲ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡುವುದು, ಎರಡು ಮೂರು ಗಂಟೆಗೊಮ್ಮೆ ನೀವಾಗಿಯೇ “ಹೋಗಿಬರೋಣವೇ?” ಎಂದು ಕೇಳುವುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನು ಪಾಲಿಸಿ, ಇಲ್ಲವಾದರೆ ಮಜ್ಜಿಗೆ, ಎಳನೀರು, ಸಾರು ಸೇರಿ ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಲಿ.

ಮಾತ್ರೆಗಳದ್ದು ದೊಡ್ಡ ಕಥೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಒಮ್ಮೆ ವೈದ್ಯರ ಮುಂದಿಡಿ. ಬಿಸ್ಕತ್ತಿನ ಡಬ್ಬ, ದೇವರ ಗೂಡು, ದಿಂಬಿನ ಕೆಳಗೆ, ಎಲ್ಲ ಕಡೆ ಹುಡುಕಿ. ಇಬ್ಬರು ವೈದ್ಯರು ಎರಡು ಬೇರೆ ಕಂಪನಿಗಳ ಹೆಸರಿನಲ್ಲಿ ಒಂದೇ ಔಷಧಿಯನ್ನು ಬರೆದಿರುವುದು, ರೋಗಿ ಎರಡನ್ನೂ ನುಂಗುತ್ತಿರುವುದು ಅಪರೂಪವಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನೂ ನಾಟಿ ಔಷಧಿಗಳನ್ನೂ ಮುಚ್ಚಿಡದೆ ತೋರಿಸಿ. ದಿನಗಟ್ಟಲೆ ನುಂಗಿದ ನೋವಿನ ಮಾತ್ರೆ ವಯಸ್ಸಾದ ಮೂತ್ರಪಿಂಡವನ್ನು ಕೆಡಿಸುತ್ತದೆ. ಪಟ್ಟಿ ಅಂತಿಮವಾದ ಮೇಲೆ ವಾರದ ಏಳು ದಿನಕ್ಕೆ ಖಾನೆಗಳಿರುವ ಮಾತ್ರೆಡಬ್ಬಿ ತಂದು ಭಾನುವಾರ ತುಂಬಿಸಿ.

ಮಾತ್ರೆ ನುಂಗಲಾಗದಿದ್ದರೆ ಪುಡಿ ಮಾಡಿ ಕೊಡುವುದು ರೂಢಿ. ಎಲ್ಲವನ್ನೂ ಹಾಗೆ ಮಾಡುವಂತಿಲ್ಲ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವ ಮಾತ್ರೆಗಳು ನಿಧಾನವಾಗಿ ಕರಗಲೆಂದೇ ಮಾಡಿದವು, ಪುಡಿ ಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ಔಷಧಿ ಅಂಗಡಿಯವರನ್ನು ಕೇಳಿ, ದ್ರವರೂಪದಲ್ಲಿ ಸಿಗುತ್ತದೆಯೇ ನೋಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಈಗ ಬಳಸುತ್ತಿರುವ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ತಣ್ಣೀರಿನ ಮಣ್ಣಿನ ಮಡಕೆಯೊಳಗೆ ಇಡಬಹುದು.

ಸ್ನಾನ, ಶೌಚ ಮತ್ತು ಹಾಸಿಗೆ ಹುಣ್ಣು

ದಿನಾ ಸ್ನಾನ ಆಗಲೇಬೇಕೆಂದೇನಿಲ್ಲ. ಏಳಲಾಗದವರಿಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮುಖ, ಕಂಕುಳು, ಸ್ತನದ ಕೆಳಗೆ, ತೊಡೆಸಂದು, ಬೆರಳುಗಳ ನಡುವೆ ಒರೆಸಿ, ಒಣ ಬಟ್ಟೆಯಿಂದ ಒತ್ತಿದರೆ ಸಾಕು. ಒಂದು ಭಾಗ ಒರೆಸುವಾಗ ಉಳಿದದ್ದು ಮುಚ್ಚಿರಲಿ. ಚಳಿಗೆ ಮಾತ್ರವಲ್ಲ, ಮಾನಕ್ಕೂ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಉಲ್ಟಾ ಆದರೆ ಮೂತ್ರದ ಸೋಂಕು ತಗಲುವ ಅಪಾಯ ಹೆಚ್ಚು. ಡೈಪರ್ ತುಂಬಿದ ಮೇಲೆ ಬದಲಿಸುವುದಲ್ಲ, ಒದ್ದೆಯಾದಾಗ ಬದಲಿಸುವುದು. ಮೂತ್ರ ಹೊರಹೋಗಲು ಕ್ಯಾಥಿಟರ್ ಕೊಳವೆ ಹಾಕಿದ್ದರೆ ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗೆ ತೂಗುತ್ತಿರಲಿ, ನೆಲಕ್ಕೆ ತಾಗದಿರಲಿ.

ಹಾಸಿಗೆ ಹುಣ್ಣಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮನೆ ಆರೈಕೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿ, ಅಲ್ಲಿಗೆ ರಕ್ತ ಹರಿಯುವುದು ನಿಂತಾಗ ಒಳಗಿನ ಮಾಂಸ ಸಾಯುತ್ತದೆ. ಕೆಲವು ಗಂಟೆಗಳು ಸಾಕು. ಬಾಲದ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಈ ಜಾಗಗಳನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯವಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಒಳಗೆ ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.

ತಡೆಯುವ ಮುಖ್ಯ ದಾರಿ ಮಗ್ಗುಲು ಬದಲಿಸುವುದು. ಸಾಧಾರಣವಾಗಿ ಎರಡು ಗಂಟೆಗೊಮ್ಮೆ: ಬೆನ್ನು, ಎಡಮಗ್ಗುಲು, ಬೆನ್ನು, ಬಲಮಗ್ಗುಲು. ಪೂರ್ತಿ ಪಕ್ಕಕ್ಕೆ ಹೊರಳಿಸುವ ಬದಲು ಬೆನ್ನಿಗೆ ದಿಂಬು ಕೊಟ್ಟು ಅರೆವಾಲಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ, ಚರ್ಮ ಸುಲಿಯುತ್ತದೆ. ಸೊಂಟದಡಿ ಒಂದು ದಪ್ಪ ಬೆಡ್‌ಶೀಟನ್ನು ಮಡಿಸಿ ಹಾಸಿ, ಇಬ್ಬರು ಎರಡು ಬದಿಯಲ್ಲಿ ಹಿಡಿದು ಎತ್ತಿ ಸರಿಸಿ. ಏರ್ ಬೆಡ್ ತಂದರೆ ಅನುಕೂಲ, ಆದರೆ ಅದು ಬಂತೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ. ರಾತ್ರಿ ಪ್ರತಿ ಎರಡು ಗಂಟೆಗೆ ಏಳಲು ಯಾರಿಂದಲೂ ಆಗುವುದಿಲ್ಲ, ನಿಜ. ಏರ್ ಬೆಡ್ ಇದ್ದರೆ ಆ ಅಂತರವನ್ನು ಎಷ್ಟು ಹಿಗ್ಗಿಸಬಹುದೆಂದು ನರ್ಸನ್ನು ಕೇಳಿ ನಿರ್ಧರಿಸಿ.

ಕೆಂಪಾದ ಜಾಗವನ್ನು ತಿಕ್ಕಬೇಡಿ. ಮಧ್ಯೆ ತೂತಿರುವ ರಬ್ಬರ್ ಬಳೆಯ ಮೇಲೆ ಕೂರಿಸಬೇಡಿ, ಅಂಚಿನ ಒತ್ತಡ ಇನ್ನಷ್ಟು ಕೆಡುಕು. ಚರ್ಮ ಒಡೆದಿದ್ದರೆ ಅರಿಶಿನ, ಸ್ಪಿರಿಟ್, ಪೌಡರ್ ಯಾವುದನ್ನೂ ಹಚ್ಚದೆ ಅದೇ ದಿನ ನರ್ಸಿಗೆ ಅಥವಾ ವೈದ್ಯರಿಗೆ ತೋರಿಸಿ.

ತಡಮಾಡಬಾರದ ಹೊತ್ತುಗಳು

ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ಸತ್ತ ಅಣ್ಣನನ್ನು ಕರೆಯುತ್ತಿದ್ದಾರೆ, ಹಗಲಿಡೀ ತೂಕಡಿಸುತ್ತಾರೆ, ರಾತ್ರಿ ಗಲಾಟೆ ಮಾಡುತ್ತಾರೆ ಎಂದರೆ ಅದನ್ನು “ವಯಸ್ಸಾಯಿತು, ಅರಳುಮರಳು” ಎಂದು ತಳ್ಳಿಹಾಕಬೇಡಿ. ಅರಳುಮರಳು ವರ್ಷಗಳಲ್ಲಿ ಬರುತ್ತದೆ, ಒಂದೆರಡು ದಿನಗಳಲ್ಲಿ ಬರುವುದಿಲ್ಲ. ದಿಢೀರನೆ ಬಂದ ಗೊಂದಲಕ್ಕೆ ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಕೆ, ಹೊಸ ಮಾತ್ರೆ, ಮಲಬದ್ಧತೆ ಹೀಗೆ ಯಾವುದೋ ಕಾರಣವಿರುತ್ತದೆ. ಹಿರಿಯರಲ್ಲಿ ಜ್ವರವಿಲ್ಲದೆಯೂ ಸೋಂಕಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ಅಸಂಬದ್ಧ ಮಾತನಾಡಿದರೆ ಮೊದಲು ಗ್ಲೂಕೋಮೀಟರಿನಲ್ಲಿ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದು, ನುಂಗುವ ಎಚ್ಚರವಿದ್ದರೆ ಮೂರು ಸಣ್ಣ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಬಾಯಿ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಲಕ್ಷಣ ಶುರುವಾದಾಗಿನಿಂದ ಇರುವುದು ಸುಮಾರು ನಾಲ್ಕೂವರೆ ಗಂಟೆ ಮಾತ್ರ. ಕೊನೆಯ ಬಾರಿ ಅವರು ಚೆನ್ನಾಗಿದ್ದುದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ, ನೋಟ್‌ಬುಕ್ ಅಲ್ಲಿ ನೆರವಿಗೆ ಬರುತ್ತದೆ. ಬಿದ್ದವರನ್ನು ತಕ್ಷಣ ಎತ್ತಿ ನಿಲ್ಲಿಸಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಲ್ಲೇ ಮಲಗಿಸಿ, ಹೊದಿಸಿ, ಆಂಬುಲೆನ್ಸ್ ಕರೆಯಿರಿ.

“ನೀವು ಏನಾಗಬೇಕು?” ಎಂಬುದಕ್ಕೆ ಉತ್ತರ

ಜೀವಕ್ಕೆ ಅಪಾಯವಿರುವಾಗ ತುರ್ತು ಚಿಕಿತ್ಸೆಗೆ ಸಂಬಂಧಿಕರ ಸಹಿ ಕಾಯಬೇಕಾಗಿಲ್ಲ. ಇದನ್ನು ಗಟ್ಟಿಯಾಗಿ ಹೇಳಿ. ಉಳಿದ ಸಂದರ್ಭಗಳಿಗಾಗಿ, ಅವರು ಚೆನ್ನಾಗಿರುವಾಗಲೇ ಒಂದು ಪತ್ರ ಬರೆಸಿಡಿ: ನನ್ನ ಚಿಕಿತ್ಸೆಯ ವಿವರವನ್ನು ಇಂಥವರಿಗೆ ತಿಳಿಸಬಹುದು, ನನಗೆ ಹೇಳಲಾಗದಾಗ ಇಂಥವರ ಜೊತೆ ಸಮಾಲೋಚಿಸಬಹುದು ಎಂದು. ಅವರ ಸಹಿ, ಇಬ್ಬರು ಸಾಕ್ಷಿಗಳು, ಸಾಧ್ಯವಾದರೆ ನೋಡುತ್ತಿರುವ ವೈದ್ಯರ ಬಳಿ ಒಂದು ಪ್ರತಿ. ಈ ಪತ್ರ ನಿಮ್ಮನ್ನು ವಾರಸುದಾರರನ್ನಾಗಿ ಮಾಡುವುದಿಲ್ಲ, ಆದರೆ ಕೌಂಟರಿನ ಮುಂದೆ ಬಾಯಿಮಾತಿಗಿಂತ ಭಾರ ಹೆಚ್ಚು.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಎಂಬಂಥ ಇಚ್ಛೆಯಿದ್ದರೆ ಅದಕ್ಕೆ ಬೇರೆಯೇ ದಾರಿಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿತು, 2023ರಲ್ಲಿ ನಿಯಮಗಳನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದೆ. ಮಾತೆತ್ತಲು ನಮಗೇ ಹಿಂಜರಿಕೆ. ಹಿರಿಯರಲ್ಲಿ ಬಹುಮಂದಿ ಇದನ್ನು ನಮಗಿಂತ ಸಲೀಸಾಗಿ ಮಾತನಾಡುತ್ತಾರೆ.

ಹಣ, ಒಡವೆ, ಮನೆ

ಎಟಿಎಂ ಕಾರ್ಡಿನ ಗುಟ್ಟು ಸಂಖ್ಯೆ ನಿಮಗೆ ಗೊತ್ತಿರಬಾರದು. ಅವರಾಗಿ ಹೇಳಲು ಬಂದರೂ ಕಿವಿ ಮುಚ್ಚಿಕೊಳ್ಳಿ. 70 ದಾಟಿದವರಿಗೆ ಮೂಲಭೂತ ಸೇವೆಗಳನ್ನು ಮನೆಬಾಗಿಲಿಗೇ ತಲುಪಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ, ಶಾಖೆಗೆ ಲಿಖಿತ ಅರ್ಜಿ ಕೊಡಿ. ಸಹಿ ಹಾಕಲಾಗದವರ ಹೆಬ್ಬೆಟ್ಟು ಅಥವಾ ಕಾಲ್ಬೆರಳಿನ ಗುರುತನ್ನು, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಿದರೆ ಹಣ ಕೊಡಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಇದು ಬ್ಯಾಂಕ್ ನೌಕರರಲ್ಲೂ ಕೆಲವರಿಗೆ ಗೊತ್ತಿರುವುದಿಲ್ಲ, ವ್ಯವಸ್ಥಾಪಕರನ್ನೇ ಕೇಳಿ.

ಪವರ್ ಆಫ್ ಅಟಾರ್ನಿ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬುದು ದೊಡ್ಡ ತಪ್ಪುಕಲ್ಪನೆ. ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ನಮ್ಮ ಕಾನೂನಿನಲ್ಲಿ ಅದು ಬಿದ್ದುಹೋಗುತ್ತದೆ, ಅಂದರೆ ಬೇಕಾದ ಹೊತ್ತಿಗೇ ಇರುವುದಿಲ್ಲ. ಅವರು ಉಯಿಲು ಬರೆಯಬೇಕೆಂದರೆ ವಕೀಲರನ್ನು ಕರೆತನ್ನಿ, ನೀವು ಕೋಣೆಯಿಂದ ಹೊರಗೆ ನಿಲ್ಲಿ. ಆರೈಕೆ ಮಾಡುವವರು ಉಯಿಲಿಗೆ ಸಾಕ್ಷಿ ಹಾಕದಿರುವುದೇ ಒಳ್ಳೆಯದು. ಒಡವೆಯಿದ್ದರೆ ಲಾಕರಿಗೆ ಸೇರಲಿ, ಇಬ್ಬರ ಎದುರು ಪಟ್ಟಿ ಮಾಡಿ.

ಸರ್ಕಾರಿ ನೌಕರಿಯ ಪಿಂಚಣಿ ಬರುವವರ ಜೀವಿತ ಪ್ರಮಾಣಪತ್ರ ನವೆಂಬರಿನಲ್ಲಿ ಕೊಡಬೇಕು. ಕೇಂದ್ರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಸವೆದವರಿಗೆ ಮೊಬೈಲಿನಲ್ಲಿ ಮುಖ ಗುರುತಿಸುವ ‘ಜೀವನ್ ಪ್ರಮಾಣ್’ ವ್ಯವಸ್ಥೆಯಿದೆ, ಅಂಚೆಯಣ್ಣನನ್ನು ಕರೆದರೆ ಮನೆಗೇ ಬಂದು ಮಾಡಿಕೊಡುತ್ತಾರೆ. ಯಾವ ಪಿಂಚಣಿಯೂ ಇಲ್ಲದ ಬಡವರಿಗೆ 65 ತುಂಬಿದ್ದರೆ ‘ಸಂಧ್ಯಾ ಸುರಕ್ಷಾ’ಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ಒಂಟಿ ಹಿರಿಯರ ಮನೆಗೆ ಪಡಿತರ ತಲುಪಿಸುವ ‘ಅನ್ನ ಸುವಿಧಾ’ ಬಗ್ಗೆ ನ್ಯಾಯಬೆಲೆ ಅಂಗಡಿಯಲ್ಲಿ ವಿಚಾರಿಸಿ.

ಸಂಬಳದ ಆರೈಕೆದಾರರನ್ನು ಇಡುವ ಶಕ್ತಿಯಿದ್ದರೆ ಗುರುತಿನ ಚೀಟಿಯ ಪ್ರತಿ ಪಡೆದು ಠಾಣೆಗೂ ಕೊಡಿ, ಸಂಬಳ ಬ್ಯಾಂಕಿನ ಮೂಲಕ ಹೋಗಲಿ, ವಾರಕ್ಕೊಂದು ರಜೆ ಕೊಡಿ. ಹೊತ್ತಲ್ಲದ ಹೊತ್ತಿನಲ್ಲಿ ನಿಮ್ಮಲ್ಲೊಬ್ಬರು ಹೋಗಿ ನೋಡುತ್ತಿರಿ. ಮೈಮೇಲೆ ಕಂದಿದ ಗುರುತು, ಕೋಣೆಯಲ್ಲಿ ವಾಸನೆ, ಆ ವ್ಯಕ್ತಿ ಬಂದಾಗ ಅಜ್ಜಿ ಮಾತು ನಿಲ್ಲಿಸುವುದು, ಇಷ್ಟು ಕಂಡರೆ ಸಾಕು, ಬೇರೆಯವರನ್ನು ಹುಡುಕಿ.

ಕೊನೆಯ ದಿನಗಳು, ಆಮೇಲಿನ ಕೆಲಸಗಳು

ಗುಣವಾಗದ ಕಾಯಿಲೆಯೆಂದು ವೈದ್ಯರು ಹೇಳಿದ ಮೇಲೂ ಮಾಡಬೇಕಾದ್ದು ಬಹಳ ಇರುತ್ತದೆ. ನೋವು ಇಳಿಸುವುದು, ಉಸಿರುಗಟ್ಟದಂತೆ ಕೂರಿಸುವುದು, ಬಾಯಿ ಒದ್ದೆ ಇಡುವುದು. ದೊಡ್ಡ ಆಸ್ಪತ್ರೆಗಳಲ್ಲಿ ಉಪಶಾಮಕ ಆರೈಕೆಯ ವಿಭಾಗ ಇದೆಯೇ ಕೇಳಿ. ಬೆಂಗಳೂರಿನ ‘ಕರುಣಾಶ್ರಯ’ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ, ಮನೆಗೂ ಬರುತ್ತದೆ. ಕೊನೆಯ ದಿನಗಳಲ್ಲಿ ಊಟ, ನೀರು ತಾನಾಗಿ ಕಡಿಮೆಯಾಗುತ್ತದೆ. ಬಾಯಿಗೆ ಬಲವಂತವಾಗಿ ತುಂಬುವುದು ಪ್ರೀತಿಯಲ್ಲ, ಶ್ವಾಸನಾಳಕ್ಕೆ ಇಳಿದು ಹಿಂಸೆಯಾಗುತ್ತದೆ. ಒದ್ದೆ ಹತ್ತಿಯಿಂದ ತುಟಿ ಒರೆಸಿ.

ಸುಡಬೇಕೇ, ಹೂಳಬೇಕೇ, ದೇಹದಾನವೇ, ಕೊಳ್ಳಿ ಇಡುವವರು ಯಾರು, ವೈಕುಂಠ ಸಮಾರಾಧನೆ ಬೇಕೇ, ಇವನ್ನು ಅವರ ಬಾಯಿಂದಲೇ ಮೊದಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಸಿ, ಸಹಿ ಹಾಕಿಸಿಟ್ಟರೆ ಶವದ ಮುಂದೆ ಜಗಳ ಆಗುವುದಿಲ್ಲ.

ಮನೆಯಲ್ಲೇ ತೀರಿಕೊಂಡರೆ, ನೋಡುತ್ತಿದ್ದ ವೈದ್ಯರನ್ನು ಕರೆಸಿ ಮರಣದ ಕಾರಣದ ಪ್ರಮಾಣಪತ್ರ ಪಡೆಯಿರಿ. ವಾರಸುದಾರರಿಲ್ಲದವರ ವಿಷಯವಾದ್ದರಿಂದ ಅಂತ್ಯಸಂಸ್ಕಾರಕ್ಕೆ ಮುನ್ನ ಠಾಣೆಗೆ ಲಿಖಿತವಾಗಿ ತಿಳಿಸಿ. ಗೊತ್ತಿರುವ ದೂರದ ನಂಟರಿಗೂ ಫೋನ್ ಮಾಡಿ, ಕರೆ ಮಾಡಿದ ಸಮಯ ಬರೆದಿಡಿ. 21 ದಿನಗಳೊಳಗೆ ಮರಣ ನೋಂದಣಿ ಆಗಬೇಕು. ಮನೆಗೆ ಬೀಗ ಹಾಕುವಾಗ ನಿಮ್ಮ ಗುಂಪಿನವರಲ್ಲದ ಇಬ್ಬರನ್ನು ಕರೆದು, ಒಳಗಿರುವ ಬೆಲೆಬಾಳುವ ವಸ್ತುಗಳ ಪಟ್ಟಿ ಮಾಡಿ ಎಲ್ಲರೂ ಸಹಿ ಹಾಕಿ. ಬ್ಯಾಂಕಿಗೂ ಪಿಂಚಣಿ ಕಚೇರಿಗೂ ತಕ್ಷಣ ತಿಳಿಸಿ. ಸತ್ತ ಮೇಲೂ ಖಾತೆಗೆ ಬಂದ ಪಿಂಚಣಿಯನ್ನು ಯಾರಾದರೂ ತೆಗೆದರೆ ಅದು ನಿಮ್ಮ ತಲೆಗೆ ಬರುತ್ತದೆ. ಕೊನೆಗೆ ಬೀಗದ ಕೈಗಳು, ಉಳಿದ ಹಣ, ನೋಟ್‌ಬುಕ್ಕಿನ ಮೂಲ ಪ್ರತಿಯನ್ನು ಉಯಿಲಿನಲ್ಲಿ ಹೆಸರಿದ್ದವರಿಗೆ, ಅವರೂ ಇಲ್ಲದಿದ್ದರೆ ಅಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ನೋಟ್‌ಬುಕ್ಕಿನ ಪೂರ್ತಿ ಜೆರಾಕ್ಸ್ ನಿಮ್ಮ ಬಳಿ ಇರಲಿ.